ಅಡುಗೆಮನೆ ಇಲ್ಲದ 18 ದಿನ



ವಿಜಯನಗರದ ಪಕ್ಕದ ಮಾರೇನಹಳ್ಳಿಯಲ್ಲಿ ನಮ್ಮದೊಂದು ಹಳೆಯ ಮನೆ. ಅದರ ಅಡುಗೆಮನೆಯನ್ನು ಒಡೆದು ಹೊಸದಾಗಿ ಮಾಡಿಕೊಡಲು ಮೇಸ್ತ್ರಿ ಕೇಳಿದ್ದು 10 ದಿನ, ಹಿಡಿದದ್ದು 18. ಆ ದಿನಗಳಲ್ಲಿ ಒಲೆ ಹಜಾರಕ್ಕೂ, ಅಕ್ಕಿಡಬ್ಬ ಮಂಚದ ಕೆಳಕ್ಕೂ, ಪಾತ್ರೆ ತೊಳೆಯುವ ಕೆಲಸ ಬಚ್ಚಲಿಗೂ ವರ್ಗವಾದವು. ಪಿ.ಯು.ಸಿ. ಓದುವ ಮಗಳು ಒಗ್ಗರಣೆಯ ಘಾಟಿನಲ್ಲೇ ಪರೀಕ್ಷೆಗೆ ಸಿದ್ಧಳಾದಳು.

ವಿಜ್ಞಾನ ಪದವೀಧರನೆನಿಸಿಕೊಂಡ ನಾನು ಮೊದಲ ದಿನವೇ ತಪ್ಪು ಮಾಡಿದೆ. ಒಲೆಯನ್ನು ಮೂಲೆಯಲ್ಲಿ ನೆಲದ ಮೇಲಿಟ್ಟು, ಪಕ್ಕಕ್ಕೆ ಸಿಲಿಂಡರ್ ನಿಲ್ಲಿಸಿದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲೇ ಹರಡುತ್ತದೆ. ಇದನ್ನು ನೆನಪಿಸಿದವಳು ಮಗಳು. ಒಲೆ ಮೇಜಿನ ಮೇಲೇರಿತು, ಸಿಲಿಂಡರ್ ಬಾಗಿಲ ಬಳಿ ನೆಟ್ಟಗೆ ನಿಂತಿತು. ಅಡುಗೆ ಕಾರ್ಯಕ್ರಮಗಳನ್ನು ನಿರ್ಮಿಸಿದವನು ನಾನು. ಆದರೆ ಸ್ಟುಡಿಯೋದಲ್ಲಿ ಎಲ್ಲವನ್ನೂ ಮೊದಲೇ ಹೆಚ್ಚಿಟ್ಟಿರುತ್ತಾರೆ! ಇಲ್ಲಿ ಒಂದೇ ಕುಕ್ಕರಿನಲ್ಲಿ ಬಿಸಿಬೇಳೆಬಾತು, ಮರುದಿನ ಪೊಂಗಲ್, ಸಂಜೆಗೆ ಒಲೆಯೇ ಬೇಡದ ಕೋಸಂಬರಿ.

ಕೆಲಸ ನಿಂತಿದೆಯಲ್ಲ ಎಂದು ನಾವು ಗೊಣಗಿದ ದಿನಗಳಲ್ಲಿ ಹಲವು ಸಿಮೆಂಟಿಗೆ ಸೇರಿದವು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ. ನೀರಿನೊಡನೆ ರಾಸಾಯನಿಕವಾಗಿ ಕೂಡಿ ಗಟ್ಟಿಯಾಗುತ್ತದೆ. ಕನಿಷ್ಠ 7 ದಿನವಾದರೂ ಅದನ್ನು ಒದ್ದೆಯಾಗಿಡಬೇಕು.

ಹಳೆಯ ಕಟ್ಟೆಯದು ಕಡಪ ಕಲ್ಲು. ಸುಣ್ಣಕಲ್ಲಿನ ಜಾತಿಯದಾದ್ದರಿಂದ ನಿಂಬೆರಸ ಬಿದ್ದಲ್ಲೆಲ್ಲ ಮಾಸಿತ್ತು. ಹೊಸದಕ್ಕೆ ಗ್ರಾನೈಟ್ ತಂದೆವು. ನಿಂಬೆರಸಕ್ಕೆ ಜಗ್ಗದ ಈ ಕಲ್ಲಿನಲ್ಲಿ ಬೆಣಚಿನ ಅಂಶ, ಎಂದರೆ ಸಿಲಿಕಾ, ಧಾರಾಳವಾಗಿರುತ್ತದೆ. ಕತ್ತರಿಸಲು ಬಂದ ಹುಡುಗನಿಗೆ ಇಪ್ಪತ್ತು ವರ್ಷವಿದ್ದೀತು. ಮೂಗಿಗೆ ಟವೆಲ್ ಸುತ್ತಿಕೊಂಡು ಯಂತ್ರ ಹಚ್ಚಿದ, ಅಂಗಳವೆಲ್ಲ ಬೆಳ್ಳಗಾಯಿತು. ನಾವು ಅಕ್ಕಿಡಬ್ಬಕ್ಕೆ ಹೊದಿಕೆ ಹೊದಿಸಿ, ಕಿಟಕಿ ಮುಚ್ಚಿಕೊಂಡೆವು. ಅವನ ಕೆಮ್ಮು ಮಾತ್ರ ಆಚೆಯಿಂದ ಕೇಳುತ್ತಲೇ ಇತ್ತು.

ದಪ್ಪ ಧೂಳನ್ನು ನಮ್ಮ ಮೂಗು ಬಹುಮಟ್ಟಿಗೆ ತಡೆಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಟವೆಲನ್ನೂ ದಾಟಿ ಶ್ವಾಸಕೋಶದ ತುದಿಯ ಗಾಳಿಗೂಡುಗಳನ್ನು ಸೇರುತ್ತವೆ. ವರ್ಷಗಟ್ಟಲೆ ಸೇರಿದರೆ ಅಲ್ಲಿ ಗಾಯದ ಕಲೆಯಂಥ ಅಂಗಾಂಶ ಬೆಳೆದು ಉಸಿರಾಟವೇ ಕಷ್ಟವಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಬಾರದಂತೆ ತಡೆಯಬಹುದು, ಅಷ್ಟೆ. ಕತ್ತರಿಸುವ ಜಾಗಕ್ಕೆ ನೀರು ಬೀಳುತ್ತಿದ್ದರೆ ಧೂಳು ಏಳುವುದು ಬಹಳ ಕಡಿಮೆಯಾಗುತ್ತದೆ.

ನಾನು ಚೊಂಬಿನಲ್ಲಿ ನೀರು ಹಿಡಿದು ಓಡಿದೆ. “ಹಾಕ್ಬೇಡಿ ಸಾರ್, ಕರೆಂಟು!” ಎಂದು ಹುಡುಗ ಕೂಗಿದ. ಅವನು ಹೇಳಿದ್ದೇ ಸರಿ. ನೀರಿಗೆಂದೇ ರೂಪಿಸಿದ ಯಂತ್ರ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಸಾಧನ, ಎರಡೂ ಬೇಕು. ಮೇಸ್ತ್ರಿಗೆ ಹೇಳಿ ಮರುದಿನ ಎರಡನ್ನೂ ಬಾಡಿಗೆಗೆ ತರಿಸಿದೆವು. ಧೂಳು ಕೆಸರಾಗಿ ಇಳಿಯಿತು. ಒಣಗಿದರೆ ಮತ್ತೆ ಹಾರುತ್ತದಲ್ಲ, ಹಸಿಯಾಗಿರುವಾಗಲೇ ಬಾಚಿ ಚೀಲಕ್ಕೆ ತುಂಬಿದೆವು.

ಕೆಲಸ ಒಂದು ದಿನ ಹೆಚ್ಚಾಯಿತು, ಬಾಡಿಗೆಯೂ ನಮ್ಮ ತಲೆಗೇ ಬಂತು. ಸಂಜೆ ಮೊಣಕಾಲವರೆಗೂ ಕೆಸರಾಗಿದ್ದ ಹುಡುಗ ಚಹಾ ಕುಡಿಯುತ್ತಾ, ನಾಳೆ ಬೇರೊಂದು ಮನೆಯಲ್ಲಿ ಕೆಲಸವಿದೆ ಎಂದ. “ಅಲ್ಲಿಗೂ ಈ ಮಿಷನ್ನೇ ಕೊಡ್ತಾರಾ?” ಎಂದು ಮಗಳು ಕೇಳಿದಳು. ಅವನು ನಕ್ಕು, ಲೋಟ ತೊಳೆದಿಟ್ಟು ಹೊರಟ.