ದ್ರಾಕ್ಷಿಗರ್ಭ: ಚಿಕಿತ್ಸೆಯ ನಂತರವೂ ಎಚ್ಚರ ಅಗತ್ಯ



ಗರ್ಭ ಧರಿಸಿದ ಮೊದಲ ಮೂರು ತಿಂಗಳಲ್ಲಿ ರಕ್ತಸ್ರಾವವಾದರೆ ಅದನ್ನು ಸಾಮಾನ್ಯ ಗರ್ಭಪಾತವೆಂದು ಬಗೆದು ಸುಮ್ಮನಾಗುವವರುಂಟು. ಆದರೆ ಅದರ ಹಿಂದೆ ಅಪರೂಪದ ತೊಡಕೊಂದು ಅಡಗಿರಬಹುದು. ಅದೇ ದ್ರಾಕ್ಷಿಗರ್ಭ; ವೈದ್ಯರು ಇದನ್ನು ಮೋಲಾರ್ ಗರ್ಭವೆಂದು ಕರೆಯುತ್ತಾರೆ.

ಫಲೀಕರಣದ ವೇಳೆ ವರ್ಣತಂತುಗಳಲ್ಲಿ ಉಂಟಾಗುವ ದೋಷವೇ ಇದರ ಮೂಲ. ಪೂರ್ಣ ದ್ರಾಕ್ಷಿಗರ್ಭದಲ್ಲಿ ಭ್ರೂಣವೇ ಬೆಳೆಯುವುದಿಲ್ಲ. ಭಾಗಶಃ ದ್ರಾಕ್ಷಿಗರ್ಭದಲ್ಲಿ ಸಾಮಾನ್ಯವಾಗಿ ಒಂದೇ ಅಂಡವನ್ನು ಎರಡು ವೀರ್ಯಾಣುಗಳು ಸೇರಿ, 46ರ ಬದಲು 69 ವರ್ಣತಂತುಗಳಿರುತ್ತವೆ. ಮಾಸುವಿನ ಅಂಗಾಂಶವು ನೀರು ತುಂಬಿದ ಗುಳ್ಳೆಗಳಾಗಿ, ದ್ರಾಕ್ಷಿ ಗೊಂಚಲಿನಂತೆ ಊದಿಕೊಳ್ಳುತ್ತದೆ. ತಾಯಿಯ ದುಡಿಮೆಯಾಗಲಿ, ನಡತೆಯಾಗಲಿ, ಗ್ರಹಣದ ನೆರಳಾಗಲಿ ಇದಕ್ಕೆ ಕಾರಣವಲ್ಲ. ಆಕೆಯನ್ನು ದೂಷಿಸುವುದು ಅನ್ಯಾಯ.

ರಕ್ತಸ್ರಾವ, ವಿಪರೀತ ವಾಂತಿ, ತಿಂಗಳಿಗೆ ಮೀರಿ ಬೆಳೆದ ಗರ್ಭಕೋಶ, ಇವು ಇದರ ಲಕ್ಷಣಗಳು. ಕೆಲವರಲ್ಲಿ ಯಾವ ಲಕ್ಷಣವೂ ಇರದು. ಸ್ಕ್ಯಾನಿಂಗ್ ಮತ್ತು ರಕ್ತದಲ್ಲಿನ ಎಚ್‌ಸಿಜಿ ಹಾರ್ಮೋನಿನ ಪರೀಕ್ಷೆಯಿಂದ ಸುಳಿವು ದೊರೆಯುತ್ತದೆ. ಹೀರು ವಿಧಾನದಿಂದ ಗರ್ಭಕೋಶವನ್ನು ಶುದ್ಧಗೊಳಿಸಿ, ಹೊರತೆಗೆದ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ರೋಗವನ್ನು ಖಚಿತಪಡಿಸಲಾಗುತ್ತದೆ.

ಇಲ್ಲಿಗೆ ಚಿಕಿತ್ಸೆ ಮುಗಿಯಿತೆಂದು ಭಾವಿಸುವುದೇ ದೊಡ್ಡ ಅಪಾಯ. ಪೂರ್ಣ ದ್ರಾಕ್ಷಿಗರ್ಭವಾದ 100 ಮಹಿಳೆಯರಲ್ಲಿ ಸುಮಾರು 15ರಿಂದ 20 ಮಂದಿಯಲ್ಲಿ ಉಳಿದ ಅಂಗಾಂಶವು ಮತ್ತೆ ಬೆಳೆಯಬಹುದು. ವಿರಳವಾಗಿ ಕ್ಯಾನ್ಸರಾಗಿ ಶ್ವಾಸಕೋಶಕ್ಕೂ ಹರಡಬಹುದು. ಆದ್ದರಿಂದ ಎಚ್‌ಸಿಜಿ ಸಹಜ ಮಟ್ಟಕ್ಕೆ ಇಳಿಯುವವರೆಗೆ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ, ಆನಂತರ ವೈದ್ಯರು ಹೇಳಿದಷ್ಟು ತಿಂಗಳು ರಕ್ತಪರೀಕ್ಷೆ ಮಾಡಿಸತಕ್ಕದ್ದು. ಈ ಅವಧಿಯಲ್ಲಿ ಹೊಸ ಗರ್ಭ ನಿಂತರೆ ಹಾರ್ಮೋನು ಸಹಜವಾಗಿಯೇ ಏರುವುದರಿಂದ ರೋಗದ ಗುರುತು ಮರೆಯಾಗುತ್ತದೆ. ಆ ಕಾರಣ ಗರ್ಭನಿರೋಧಕ ಕ್ರಮ ಅವಶ್ಯ.

ಮುಂಬಯಿ, ಚೆನ್ನೈ, ದೆಹಲಿಗಳಂತಹ ನಗರಗಳಲ್ಲಿ ನೆಲೆಸಿದ ಕನ್ನಡಿಗ ಕುಟುಂಬಗಳು ಒಂದು ಸಂಗತಿಯನ್ನು ಗಮನಿಸಬೇಕು. ವಿಶ್ರಾಂತಿಗೆಂದು ತವರಿಗೆ ಹೋದಾಗ ಪರೀಕ್ಷೆಯ ಸರಣಿ ಕಡಿದುಹೋಗಬಾರದು. ಆಸ್ಪತ್ರೆಯ ವರದಿಗಳನ್ನು ಜೊತೆಗೊಯ್ದು ಅಲ್ಲಿಯೇ ಪರೀಕ್ಷೆ ಮುಂದುವರಿಸಬಹುದು.

ಕಾಲಕ್ಕೆ ಸರಿಯಾಗಿ ಪತ್ತೆಯಾದರೆ ಈ ರೋಗ ಬಹುಮಟ್ಟಿಗೆ ಪೂರ್ಣ ಗುಣವಾಗುತ್ತದೆ. ಇದಕ್ಕೆ ಬಳಸುವ ಮೆಥೊಟ್ರೆಕ್ಸೇಟ್ ಔಷಧವು ಭಾರತೀಯ ವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದಲ್ಲಿ ಮುನ್ನಡೆಸಿದ ಸಂಶೋಧನೆಯ ಫಲ. 1956ರಲ್ಲಿ ಮಿನ್ ಚಿಯು ಲೀ ಮತ್ತು ರಾಯ್ ಹರ್ಟ್ಸ್ ಇದರಿಂದ ದೇಹದಲ್ಲಿ ಹರಡಿದ್ದ ಇಂತಹ ಕ್ಯಾನ್ಸರನ್ನು ಗುಣಪಡಿಸಿದ್ದನ್ನು ಪ್ರಕಟಿಸಿದರು. ಮುಂದಿನ ಗರ್ಭದಲ್ಲಿ ದ್ರಾಕ್ಷಿಗರ್ಭ ಮರುಕಳಿಸುವುದು ಸುಮಾರು 100ರಲ್ಲಿ ಒಬ್ಬರಿಗೆ ಮಾತ್ರ. ಪರೀಕ್ಷೆಗಳನ್ನು ಪೂರೈಸಿದ ತಾಯಿ ಮತ್ತೆ ಆರೋಗ್ಯವಂತ ಮಗುವಿನ ನಿರೀಕ್ಷೆಯನ್ನು ಧೈರ್ಯದಿಂದ ಇಟ್ಟುಕೊಳ್ಳಬಹುದು.