ಇಳಿಜಾರಿನ ಸವಾರಿ ಮತ್ತು ಮೊಣಕಾಲು ನೋವು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಪುಣೆಗೂ ಸೈಕಲ್ಲಿಗೂ ಹಳೆಯ ನಂಟು. ಒಂದು ಕಾಲದಲ್ಲಿ ಇದನ್ನು ಸೈಕಲ್ಲುಗಳ ಊರೆಂದೇ ಕರೆಯುತ್ತಿದ್ದರು. ಈಗ ರಸ್ತೆಯೆಲ್ಲ ಮೋಟಾರು ಬೈಕುಗಳ ಪಾಲಾಗಿದೆ. ಆದರೂ ರಜೆಯ ದಿನ ನಸುಕಿನಲ್ಲೇ ಗೇರು ಸೈಕಲ್ಲೇರಿ ಸಿಂಹಗಡದ ಕಡೆಗೋ ಕಾತ್ರಜ ಘಾಟಿನ ಕಡೆಗೋ ಹೊರಡುವ ತರುಣರು ನಮ್ಮಲ್ಲಿಯೂ ಉಂಟು. ಅವರು ಕೇಳುವ ಪ್ರಶ್ನೆ ಒಂದೇ: "ಇಳಿಯುವಾಗ ಪೆಡಲ್ ತುಳಿಯುವುದೇ ಇಲ್ಲ. ಆದರೂ ಮನೆಗೆ ಬಂದ ಮೇಲೆ ಮೊಣಕಾಲು ನೋಯುವುದೇಕೆ?"

ಬೆಟ್ಟದ ಸೈಕಲ್ಲು ಹುಟ್ಟಿದ್ದೇ ಇಳಿಜಾರಿನಲ್ಲಿ ಎನ್ನಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. 1976ರ ಅಕ್ಟೋಬರದಲ್ಲಿ ಅಲ್ಲಿ ಪಂದ್ಯವೇ ನಡೆಯಿತು. ಅದರ ಹೆಸರು 'ರೀಪ್ಯಾಕ್'. ಹಿಂಚಕ್ರದ ಬ್ರೇಕು ಕಾದು ಒಳಗಿನ ಗ್ರೀಸು ಸುಟ್ಟು ಹೋಗುತ್ತಿತ್ತು. ಇಳಿದ ಮೇಲೆ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಅದರಿಂದಲೇ ಆ ಹೆಸರು. 1996ರಲ್ಲಿ ಬೆಟ್ಟದ ಸೈಕಲ್ ಓಟ ಒಲಿಂಪಿಕ್ಸನ್ನೂ ಸೇರಿತು. ಚಕ್ರಕ್ಕೆ ಗ್ರೀಸು ಮತ್ತೆ ತುಂಬಬಹುದು, ಮಹನೀಯರೇ. ಮೊಣಕಾಲಿಗೆ ಹಾಗೆ ತುಂಬಲು ಬರುವುದಿಲ್ಲ.

ಇನ್ನು ನೋವಿನ ಕಾರಣ. ಇಳಿಯುವಾಗ ನಾವು ಸೀಟಿನಿಂದ ಎದ್ದು, ಎರಡೂ ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು, ಮೊಣಕಾಲು ಬಗ್ಗಿಸಿ ನಿಲ್ಲುತ್ತೇವೆ. ಅರ್ಧ ಬೈಠಕ್ ಹೊಡೆದು ಹಾಗೆಯೇ ನಿಂತಂತೆ. ಮೈಭಾರವನ್ನೆಲ್ಲ ತೊಡೆಯ ಮುಂಭಾಗದ ಸ್ನಾಯುಗಳು ಹಿಡಿದಿರುತ್ತವೆ. ಆ ಎಳೆತದಿಂದ ಮಂಡಿಚಿಪ್ಪು ತೊಡೆಯ ಮೂಳೆಗೆ ಒತ್ತಿಕೊಳ್ಳುತ್ತದೆ. ಕಲ್ಲು ಕುಳಿಗಳ ಪೆಟ್ಟು ಬೇರೆ. ಹತ್ತುವಾಗಲೇ ದಣಿದ ಸ್ನಾಯು ಇಳಿಯುವಾಗ ಈ ಪೆಟ್ಟುಗಳನ್ನು ಸರಿಯಾಗಿ ತಾಳಲಾರದು. ತುಳಿಯದಿದ್ದರೂ ಕಾಲಿಗೆ ಬಿಡುವಿಲ್ಲ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ.

ಇನ್ನೊಂದು ಕಾರಣ ಸೀಟು. ಇಳಿಯಲೆಂದು ತಗ್ಗಿಸಿದ ಸೀಟನ್ನು ಮತ್ತೆ ಏರಿಸದೆ ಊರವರೆಗೂ ತುಳಿಯುತ್ತಾರೆ. ಆಗ ಪ್ರತಿ ಸುತ್ತಿನಲ್ಲಿಯೂ ಮೊಣಕಾಲು ಅತಿಯಾಗಿ ಬಗ್ಗುತ್ತದೆ. ಸಾಮಾನ್ಯವಾಗಿ ಮಂಡಿಯ ಮುಂದೆ ನೋವಿದ್ದರೆ ಸೀಟು ತಗ್ಗಾಗಿರಬಹುದು. ಹಿಂದೆ ನೋವಿದ್ದರೆ ಎತ್ತರವಾಗಿರಬಹುದು. ಅಳತೆ ಸುಲಭ: ಸೀಟಿನ ಮೇಲೆ ಕುಳಿತು, ಕೆಳಗಿನ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ತುಸು ಬಗ್ಗಿರುತ್ತದೆ. ಅದೇ ತಕ್ಕ ಎತ್ತರ.

ಸವಾರಿಯಲ್ಲಿ ಪಾಲಿಸಬೇಕಾದುದು ಇಷ್ಟು. ದಾರಿ ಸುಗಮವಾದಲ್ಲಿ ಸೀಟಿನ ಮೇಲೆ ಕುಳಿತು ಕಾಲಿಗೆ ಬಿಡುವು ಕೊಡಿ. ಯಾವಾಗಲೂ ಒಂದೇ ಪಾದವನ್ನು ಮುಂದಿಡದೆ ಆಗಾಗ ಬದಲಿಸಿ. ಸಪಾಟು ರಸ್ತೆಗೆ ಬಂದೊಡನೆ ಹಗುರ ಗೇರಿನಲ್ಲಿ ತುಳಿಯಿರಿ. ಭಾರದ ಗೇರು ಬೇಡ. ಒಂದೇ ವಾರಕ್ಕೆ ದೂರವನ್ನು ಇಮ್ಮಡಿ ಮಾಡಬೇಡಿ.

ನೋವು ಬಂದರೆ ಕೆಲವು ದಿನ ಗುಡ್ಡ ಬಿಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಿ. ನೋವು ಇಳಿದ ಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಒಂದು ಗೇಣಿನಷ್ಟು ಎತ್ತಿ ನಿಧಾನವಾಗಿ ಇಳಿಸಿ. ಹತ್ತು ಸಲ ಸಾಕು. ಕಾಲು ಬದಲಿಸಿ ಮತ್ತೆ ಹತ್ತು ಸಲ. ತೊಡೆ ಗಟ್ಟಿಯಾದಷ್ಟೂ ಮೊಣಕಾಲಿಗೆ ಆಸರೆ.

ಆದರೆ ಮೊಣಕಾಲು ಊದಿಕೊಂಡರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಕಾಲು ಕುಸಿದರೆ, ಭಾರ ಊರಲಾಗದಿದ್ದರೆ, ಮಂಡಿ ಕೆಂಪಾಗಿ ಜ್ವರ ಬಂದರೆ, ಮನೆಮದ್ದಿಗೆ ಕೂಡದೆ ಅಂದೇ ಡಾಕ್ಟರಿಗೆ ತೋರಿಸಬೇಕು. ವಿಶ್ರಾಂತಿ ಕೊಟ್ಟರೂ ಎರಡು ಮೂರು ವಾರದಲ್ಲಿ ನೋವು ತಗ್ಗದಿದ್ದರೂ ತೋರಿಸಬೇಕು. ಇ.ಎಸ್.ಐ. ಸೌಲಭ್ಯ ಉಳ್ಳವರು ಅದನ್ನು ಬಳಸಿಕೊಳ್ಳಲು ಸಂಕೋಚಪಡಬಾರದು. ನೋವಿನ ಗುಳಿಗೆ ನುಂಗಿ ಮತ್ತೆ ಗುಡ್ಡ ಹತ್ತುವುದು ಶೌರ್ಯವಲ್ಲ.

ನಮ್ಮಲ್ಲಿ ಬಹುಮಂದಿಗೆ ಸೋಮವಾರ ಎಂಟು ತಾಸು ಯಂತ್ರದ ಮುಂದೆ ನಿಲ್ಲುವ ಕೆಲಸ. ಚಾಳಿನ ಮೂರು ಮಹಡಿ ಹತ್ತಿಳಿಯುವ ಮನೆ. ಕೆಲವರಿಗೆ ಒಂದು ದಿನದ ರಜೆಯೆಂದರೆ ಒಂದು ದಿನದ ಕೂಲಿ ಖೋತಾ. ಊರಲ್ಲಿ ಮನಿಆರ್ಡರಿನ ಕಾಲದಿಂದಲೂ ನಮ್ಮ ಹಣದ ದಾರಿ ಕಾಯುವವರಿದ್ದಾರೆ. ಬೆಟ್ಟದ ಗಾಳಿ ಬೇಡವೆಂದು ನಾನು ಹೇಳಲಾರೆ. ವಾರವೆಲ್ಲ ದುಡಿದವನಿಗೆ ಅದು ಸಲ್ಲಲೇಬೇಕು. ಆದರೆ ಸೋಮವಾರದ ಕಾಲುಗಳನ್ನು ಭಾನುವಾರವೇ ಖರ್ಚು ಮಾಡಬೇಡಿರೆಂದಷ್ಟೇ ನನ್ನ ಬಿನ್ನಹ.