ಗೋಮುಖದ ಹಿಮನದಿಯನ್ನು ನೋಡಲು ಹೋಗುವವರಿಗೆ

(ನಮ್ಮ ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಗಿರಣಿಯಲ್ಲಿ ಲೆಕ್ಕ ಬರೆಯುವವನು. ಭಾಷಣ ನನ್ನ ಕಸುಬಲ್ಲ. ಕಳೆದ ಮೇ ತಿಂಗಳಲ್ಲಿ ನಾವು ಆರು ಮಂದಿ ಗೋಮುಖಕ್ಕೆ ಹೋಗಿ ಬಂದೆವು. ಅಂದಿನಿಂದ ಇಲ್ಲಿ ಪತ್ರಿಕೆ ಓದಲು ಬರುವ ತರುಣರು, "ನಾವೂ ಹೋಗಬಹುದೆ? ಎಷ್ಟು ರಜೆ ಬೇಕು?" ಎಂದು ಕೇಳುತ್ತಲೇ ಇದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ.

ಮೊದಲು ಹಿಮನದಿ ಎಂದರೇನು ಎಂಬುದನ್ನು ತಿಳಿಯೋಣ. ಎತ್ತರದ ಬೆಟ್ಟಗಳಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಪೂರ್ತಿ ಕರಗುವುದಿಲ್ಲ. ವರ್ಷದ ಮೇಲೆ ವರ್ಷ ಪದರಪದರವಾಗಿ ಕೂತು, ಮೇಲಿನ ಭಾರಕ್ಕೆ ಕೆಳಗಿನದು ಅದುಮಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆ ತನ್ನ ಭಾರದಿಂದಲೇ ಇಳಿಜಾರಿನಲ್ಲಿ ಬಹು ನಿಧಾನವಾಗಿ ಜರುಗುತ್ತದೆ. ಹಾಗೆ ಜರುಗುವುದರಿಂದಲೇ ಅದಕ್ಕೆ ನದಿ ಎಂಬ ಹೆಸರು. ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿಲೋಮೀಟರು. ಅದು ಮುಗಿದು ಭಾಗೀರಥಿ ಹೊರಬೀಳುವ ಬಾಯಿಯೇ ಗೋಮುಖ. ಬೆಳ್ಳಗೆ ಹೊಳೆಯುವುದನ್ನು ನಿರೀಕ್ಷಿಸಿ ಹೋದವರಿಗೆ ಒಂದು ಮಾತು: ಅದರ ಬೆನ್ನ ಮೇಲೆ ಬೆಟ್ಟದಿಂದ ಉದುರಿದ ಕಲ್ಲು, ಮಣ್ಣು ಹೇರಿಕೊಂಡಿರುತ್ತದೆ. ದೂರಕ್ಕೆ ಕಲ್ಲುಗಣಿಯಂತೆ ಕಾಣುತ್ತದೆ. ಒಡೆದ ಕಡೆ ಮಾತ್ರ ಒಳಗಿನ ನೀಲಿ ಮಂಜುಗಡ್ಡೆ ಕಣ್ಣಿಗೆ ಬೀಳುತ್ತದೆ.

ಇನ್ನು ದಾರಿ. ದೆಹಲಿಯಿಂದ ಋಷಿಕೇಶ, ಅಲ್ಲಿಂದ ಉತ್ತರಕಾಶಿ, ಅಲ್ಲಿಂದ ಸುಮಾರು ನೂರು ಕಿಲೋಮೀಟರು ಗಂಗೋತ್ರಿ. ಬಸ್ಸು, ಜೀಪು ಗಂಗೋತ್ರಿಯವರೆಗೆ ಮಾತ್ರ. ಮುಂದೆ ಕಾಲ್ನಡಿಗೆ: ಚೀಡ್ಬಾಸಾ 9 ಕಿಲೋಮೀಟರು, ಭೋಜಬಾಸಾ 14, ಗೋಮುಖ 18. ಇದು ರಾಷ್ಟ್ರೀಯ ಉದ್ಯಾನದ ನೆಲವಾದ್ದರಿಂದ ಅರಣ್ಯ ಇಲಾಖೆಯ ಅನುಮತಿ ಚೀಟಿ ಬೇಕು. ದಿನಕ್ಕೆ 150 ಮಂದಿಗೆ ಮಾತ್ರ ಕೊಡುತ್ತಾರೆ. ಭೋಜಬಾಸಾದಲ್ಲಿ ರಾತ್ರಿ ತಂಗಲು ವ್ಯವಸ್ಥೆಯುಂಟು. ಒಂದು ಕಾಲಕ್ಕೆ ಅಲ್ಲಿ ಭೂರ್ಜ ವೃಕ್ಷಗಳು ದಟ್ಟವಾಗಿದ್ದುದರಿಂದ ಆ ಹೆಸರು. ನಮ್ಮ ಪೂರ್ವಿಕರು ಗ್ರಂಥ ಬರೆಯಲು ಬಳಸಿದ ಭೂರ್ಜಪತ್ರ ಈ ಮರದ ತೊಗಟೆಯೇ. ಸೌದೆಗಾಗಿ ಕಡಿದು ಕಡಿದು ಈಗ ಬಹಳ ಕಡಮೆಯಾಗಿವೆ.

ಮೊದಲ ದಿನ ಭೋಜಬಾಸಾ ಸೇರಿ, ಎರಡನೆಯ ದಿನ ಗೋಮುಖ ನೋಡಿ ಗಂಗೋತ್ರಿಗೆ ಇಳಿಯುವುದು ನಮ್ಮ ಏರ್ಪಾಡು. ಅಂದರೆ ಆ ಒಂದು ದಿನದಲ್ಲಿ 22 ಕಿಲೋಮೀಟರು ನಡಿಗೆ. ಕಷ್ಟ ದೂರದ್ದಲ್ಲ, ಎತ್ತರದ್ದು. ಗೋಮುಖ ಸುಮಾರು 13,000 ಅಡಿ ಎತ್ತರದಲ್ಲಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆ ಮತ್ತೊಂದು ಮುಳ್ಳಯ್ಯನಗಿರಿಯನ್ನಿಟ್ಟರೂ ಅಷ್ಟಾಗದು. ಅಲ್ಲಿ ಉಸಿರಿಗೆ ದೊರೆಯುವ ಆಮ್ಲಜನಕ, ಸಮುದ್ರ ಮಟ್ಟದಲ್ಲಿ ದೊರೆಯುವುದರ ಐದರಲ್ಲಿ ಮೂರು ಪಾಲು ಮಾತ್ರ. ಮೈ ಅದಕ್ಕೆ ಹೊಂದಿಕೊಳ್ಳಲು ಕಾಲ ಬೇಕು.

ನಮ್ಮ ಜೊತೆ ನಿವೃತ್ತಿ ಹತ್ತಿರವಾದ ಹಿರಿಯರೊಬ್ಬರಿದ್ದರು. ಅವರು ಇಂದು ಈ ಸಭೆಯಲ್ಲೇ ಕುಳಿತಿದ್ದಾರೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಭೋಜಬಾಸಾದಲ್ಲಿ ರಾತ್ರಿಯೆಲ್ಲ ಅವರಿಗೆ ತಲೆಸಿಡಿತ, ವಾಂತಿ. ಬೆಳಿಗ್ಗೆ ನಮ್ಮ ಮಾರ್ಗದರ್ಶಿ, ಆ ಕಡೆಯ ಹಳ್ಳಿಯ ಹುಡುಗ, "ಇವರು ಮೇಲೆ ಬರಕೂಡದು" ಎಂದುಬಿಟ್ಟ. "ಇನ್ನು ನಾಲ್ಕೇ ಕಿಲೋಮೀಟರಪ್ಪಾ! ಗೋಮುಖದ ನೀರು ತರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದೇನೆ" ಎಂದು ಹಿರಿಯರು ಕಣ್ಣಲ್ಲಿ ನೀರು ತಂದುಕೊಂಡರು. ನಮ್ಮಲ್ಲಿ ಇಬ್ಬರು, "ಕೈಹಿಡಿದು ಮೆಲ್ಲಗೆ ಕರೆದೊಯ್ಯೋಣ" ಎಂದು ವಾದಿಸಿದರು. ಹುಡುಗ ಜಗ್ಗಲಿಲ್ಲ. "ಬಾಬೂಜಿ, ನೀರು ಯಾರಾದರೂ ತಂದಾರು, ಮನೆಯಲ್ಲಿ ನಿಮ್ಮ ದಾರಿ ಕಾಯುತ್ತಿದ್ದಾರೆ" ಎಂದ. ನಮ್ಮವರೊಬ್ಬರು ಗೋಮುಖದ ಆಸೆ ಬಿಟ್ಟು ಅವರೊಡನೆ ಕೆಳಗಿಳಿದರು. ಚೀಡ್ಬಾಸಾ ತಲುಪುವಷ್ಟರಲ್ಲಿ ತಲೆನೋವು ಇಳಿದಿತ್ತು. ಎತ್ತರದ ಬೇನೆಗೆ ದೊಡ್ಡ ಮದ್ದು ಕೆಳಗಿಳಿಯುವುದೇ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವುಂಟು. 2024ರ ಜೂನ್ ಮೊದಲ ವಾರದಲ್ಲಿ ಅದೇ ಉತ್ತರಕಾಶಿ ಸೀಮೆಯ ಸಹಸ್ರತಾಲ್ ಚಾರಣಕ್ಕೆ ಹೋದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಆ ತಂಡದಲ್ಲಿ ಬೆಂಗಳೂರಿನವರೇ ಹೆಚ್ಚು, ಮಾರ್ಗದರ್ಶಿಗಳೂ ಜೊತೆಗಿದ್ದರು. 2025ರ ಆಗಸ್ಟ್ 5ರಂದು ಗಂಗೋತ್ರಿ ರಸ್ತೆಯ ಧರಾಲಿ ಗ್ರಾಮಕ್ಕೆ ಪ್ರವಾಹ ನುಗ್ಗಿತು. ಬೆಟ್ಟದ ಹವೆ ಯಾರ ರಜೆಯ ಲೆಕ್ಕವನ್ನೂ ಕೇಳುವುದಿಲ್ಲ. ಆದುದರಿಂದ ನಾಲ್ಕು ದಿನದ ರಜೆಯಲ್ಲಿ ಓಡಿಹೋಗಿ ಬರುತ್ತೇನೆನ್ನುವ ತರುಣರಿಗೆ ನನ್ನ ವಿನಂತಿ: ಏಳು ದಿನ ಸಿಕ್ಕಿದರೆ ಹೋಗಿ. ಗಂಗೋತ್ರಿಯಲ್ಲಿ ಒಂದು ಪೂರ್ತಿ ದಿನ ಸುಮ್ಮನಿರಿ. ಮಳೆಗಾಲ ಬೇಡ. ಉಣ್ಣೆ ಬಟ್ಟೆ, ಮಳೆಯಂಗಿ, ಗಟ್ಟಿ ಬೂಟು ಇರಲಿ. ರಜೆ ಕಡಮೆಯಾದರೆ ಗಂಗೋತ್ರಿ ನೋಡಿ ಬನ್ನಿ. ಅದೂ ಸಣ್ಣ ಭಾಗ್ಯವಲ್ಲ.

ಉಳಿದ ನಾಲ್ವರು ಗೋಮುಖ ಕಂಡೆವು. ಎದುರಿಗೆ ಭಾಗೀರಥಿ ಶಿಖರಗಳು, ಪಕ್ಕದಲ್ಲಿ ಶಿವಲಿಂಗ ಪರ್ವತ. ಮಂಜುಗಡ್ಡೆಯ ಚೂರು ಕಳಚಿ ಬೀಳುವುದರಿಂದ ಬಾಯಿಯ ಹತ್ತಿರ ಹೋಗದೆ ದೂರದಲ್ಲೇ ನಿಂತೆವು. 1935ರಲ್ಲಿ ಭೂವಿಜ್ಞಾನಿ ಆಡೆನ್ ಇದರ ನಕ್ಷೆ ಬರೆದರು. ಅಂದಿನಿಂದ 1996ರವರೆಗೆ ಈ ಬಾಯಿ ವರ್ಷಕ್ಕೆ ಸರಾಸರಿ ಸುಮಾರು 19 ಮೀಟರಿನಂತೆ ಹಿಂದೆ ಸರಿದಿದೆ. ಭೂಮಿಯ ಕಾವು ಹೆಚ್ಚುತ್ತಿರುವುದು ಇದಕ್ಕೆ ದೊಡ್ಡ ಕಾರಣ.

ಇದು ನಮಗೆ ದೂರದ ಸುದ್ದಿಯಲ್ಲ. ಮೇಲಿನ ಗಂಗಾ ಕಾಲುವೆಯ ನೀರು ಮುರಾದ್‌ನಗರದಿಂದ ಕೊಳವೆಯಲ್ಲಿ ಸೋನಿಯಾ ವಿಹಾರಕ್ಕೆ ಬಂದು, ಶುದ್ಧವಾಗಿ ದೆಹಲಿಯ ಎಷ್ಟೋ ಮನೆಗಳ ನಲ್ಲಿಗೆ ಹೋಗುತ್ತದೆ. ಗಂಗೆಯ ನೀರೆಲ್ಲ ಹಿಮದ್ದಲ್ಲ, ಮಳೆಯ ಪಾಲು, ಒರತೆಯ ಪಾಲು ದೊಡ್ಡದು. ಆದರೂ ಬಿರುಬೇಸಿಗೆಯಲ್ಲಿ ಮೇಲಿನ ಹಿಮ ಕರಗಿದ್ದು ನೆರವಾಗುತ್ತದೆ. ಬಿಂದಿಗೆ ಹಿಡಿದು ಸಾಲಿನಲ್ಲಿ ನಿಲ್ಲುವ ನಮಗೆ ಅದರ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ.

ಹಿರಿಯರ ಸೀಸೆಗೆ ಅಲ್ಲಿಯ ನೀರು ತುಂಬಿ ತಂದುಕೊಟ್ಟಿದ್ದೇವೆ. ದಾರಿಯ ನಕ್ಷೆಯನ್ನೂ ಖರ್ಚಿನ ಪಟ್ಟಿಯನ್ನೂ ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಬೇಕಾದವರು ಬರೆದುಕೊಳ್ಳಬಹುದು.